ಸೋಡಿಯಂ ಕ್ಲೋರೈಡ್ ಕೊಡು, ಭಯ್ಯಾ!

ನಮ್ಮ ಸೋದರಮಾವನಿಗೆ ಉಪ್ಪು ಕಂಡರಾಗದು! ತಿನ್ನಲಾಗದೆಂದಲ್ಲ, ಅದನ್ನು ಉಪ್ಪು ಅಂತ ಕರೆಯಲಾಗದು. ದಿಲ್ಲಿಯ ಓಲ್ಡ್ ರಾಜಿಂದರ್ ನಗರದ ಕಿರಾಣಿ ಅಂಗಡಿಯೆದುರು ನಿಂತು, "ಭಯ್ಯಾ, ಏಕ್ ಕಿಲೋ ಸೋಡಿಯಂ ಕ್ಲೋರೈಡ್!" ಅಂತ ಕೂಗಿದರು ನೋಡಿ, ಅಂಗಡಿಯ ಮುದುಕ ತಲೆಯೆತ್ತದೆ, "ದವಾಯಿ ಕೀ ದುಕಾನ್ ಸಾಮ್ನೆ ಹೈ, ಬಾಬೂಜೀ" ಎಂದು ಎದುರಿನ ಔಷಧದಂಗಡಿಗೆ ಕೈ ತೋರಿಸಿಬಿಟ್ಟ!

ಸರ್ಕಾರಿ ಕಚೇರಿಯ ಗುಮಾಸ್ತರಿಗೆ ಈ ರಸಾಯನಶಾಸ್ತ್ರದ ಹುಚ್ಚು ಯಾಕೆ ಅಂತೀರಾ? ಹಿಡಿಸಿದವಳು ನಾನೇ. ಎಪ್ಪತ್ತರ ದಶಕದ ಮಾತು. ಅಪ್ಪ ತೀರಿಕೊಂಡ ಮೇಲೆ ಅಮ್ಮ ನನ್ನನ್ನು ಹಾಸನದಿಂದ ಮಾವನ ಮನೆಗೆ ಕಳಿಸಿದ್ದಳು. ದಿಲ್ಲಿಯ ಶಾಲೆಯಲ್ಲಿ ಎಲ್ಲಾ ಹಿಂದಿ. ಒಂದಕ್ಷರ ಆಡದೆ ಕೊನೇ ಬೆಂಚಿನಲ್ಲಿ ಕೂತಿರುತ್ತಿದ್ದೆ. ಮಾವ ಒಂದು ಸಂಜೆ ನನ್ನ ವಿಜ್ಞಾನದ ಪುಸ್ತಕ ತಿರುವಿಹಾಕುತ್ತಾ ಕುಣಿದೇಬಿಟ್ಟರು. "ನೋಡೇ ಇಲ್ಲಿ! ಹಿಂದಿ ಪುಸ್ತಕದಲ್ಲೂ ನೀರು H₂O ನೇ! ಇನ್ನು ನಿನ್ನ ಹಿಡಿಯೋರು ಯಾರು?"

ಅಲ್ಲಿಂದ ಊಟಕ್ಕೆ ಕೂತರೆ ಮಾವನ ಬಾಯಲ್ಲಿ ಮೂಲವಸ್ತುಗಳ ಮದುವೆ!

"ಸೋಡಿಯಂಗೆ ಒಂದು ಕೈ, ಕ್ಲೋರಿನ್‌ಗೂ ಒಂದೇ ಕೈ. ಕೈ ಹಿಡಿದರೆ NaCl! ಮದುವೆಯಾದ ಮೇಲೆ ಕ್ಲೋರಿನ್ ಹೆಸರು ಕ್ಲೋರೈಡ್!"

"ಸೋಡಿಯಂ ಹೆಸರು?" ಸಾರು ಬಡಿಸುತ್ತಿದ್ದ ಅತ್ತೆ ಕೇಳಿದರು.

"ಅದು ಸೋಡಿಯಂ ಆಗೇ ಇರುತ್ತೆ."

"ಗೊತ್ತಿತ್ತು ಬಿಡಿ, ಅಲ್ಲೂ ಗಂಡಂದೇ ಕಾರುಬಾರು!"

ಹೀಗಿರುವಾಗ ಒಂದು ದಿನ ಕ್ಲಾಸಿನಲ್ಲಿ ನಮ್ಮ ಟೀಚರ್ ಬೆಹನ್‌ಜೀ ಅಲ್ಯುಮಿನಿಯಂ ಆಕ್ಸೈಡಿನ ಸೂತ್ರ ಕೇಳಿದರು. ನಾನೇ ಎದ್ದು ಹೋಗಿ ಬೋರ್ಡಿನ ಮೇಲೆ Al₂O₃ ಬರೆದೆ. "ಅಚ್ಛಾ! ಕೈಸೇ?" ಎಂದರು ಬೆಹನ್‌ಜೀ. ಹೇಗೆ ಅಂತ ಹೇಳಲು ಹಿಂದಿ ಎಲ್ಲಿಂದ ತರಲಿ? ಎರಡು ಅಲ್ಯುಮಿನಿಯಂ ಬರೆದು ತಲಾ ಮೂರು ಕೈ ಎಳೆದೆ, ಮೂರು ಆಕ್ಸಿಜನ್ ಬರೆದು ತಲಾ ಎರಡು. ಆರಕ್ಕೆ ಆರು! ಒಂದು ಕೈಯೂ ಖಾಲಿಯಿಲ್ಲ! ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ಹೊಡೆಯಿತು.

ಸಂಜೆ ಮಾವ ಕಚೇರಿಯಿಂದ ಬಂದೊಡನೆ ಓಡಿಹೋಗಿ, ಏದುಸಿರು ಬಿಡುತ್ತಾ ಎಲ್ಲ ಹೇಳಿದೆ. "ಊಟಕ್ಕೆ ಬಿಟ್ಟಾಗ ಒಬ್ಬಳು ನನ್ನ ಪಕ್ಕಕ್ಕೇ ಬಂದು ಕೂತಳು ಮಾವ! ಹೆಸರೇನು ಅಂತ ಕೇಳಿದಳು!"

ಈಗ ಕುಣಿಯುತ್ತಾರೆ ಅಂದುಕೊಂಡೆ. ಕುಣಿಯಲಿಲ್ಲ. ಕಳಚುತ್ತಿದ್ದ ಶೂ ಕೈಯಲ್ಲೇ ಹಿಡಿದು ನನ್ನನ್ನೇ ನೋಡಿದರು.

"ನಾನು ಈ ಊರಿಗೆ ಬಂದಾಗ ವರ್ಷವಾದರೂ ಯಾರೂ ನನ್ನ ಹೆಸರು ಕೇಳಿರಲಿಲ್ಲ ಕಣೇ," ಎಂದರು. "ನಿನಗೆ ಹಾಗಾಗದಿದ್ದರೆ ಸಾಕು ಅಂತಿದ್ದೆ."