ಗುಂಡಮ್ಮನ ಕಾವಲಿಗೆ ಎರಡು ಡಬ್ಬಿ

ನನ್ನ ಕಿವಿಗಳ ಬಗ್ಗೆ ನಮ್ಮ ಮನೆಯಲ್ಲಿ ಬಹುಕಾಲದಿಂದ ಒಂದು ಅಪಪ್ರಚಾರ ನಡೆದುಬಂದಿದೆ. ಅದರ ಸಂಸ್ಥಾಪಕಿ, ಪ್ರಧಾನ ಪ್ರಚಾರಕಿ, ಪ್ರತ್ಯಕ್ಷ ಸಾಕ್ಷಿ ಎಲ್ಲವೂ ನನ್ನ ಹೆಂಡತಿಯೇ. ನಾನು ಬರೆಯುತ್ತ ಕೂತಾಗ ಕುಕ್ಕರ್ ಕೂಗಿದರೂ ಕೇಳುವುದಿಲ್ಲ, ಬಾಗಿಲು ಬಡಿದರೂ ಕೇಳುವುದಿಲ್ಲ, ಅವಳು ಕರೆದರಂತೂ ಕೇಳುವುದೇ ಇಲ್ಲ ಎಂಬುದು ಆಪಾದನೆ. (ಮೊದಲಿನ ಎರಡು ಅಪ್ಪಟ ಸುಳ್ಳು.) ವಾರಪತ್ರಿಕೆಗೆ ಹಾಸ್ಯ ಬರೆಯುವ ಮನುಷ್ಯ ನಾನು, ಬರೆಯುವಾಗ ಇಹಲೋಕದ ಸದ್ದು ನನ್ನನ್ನು ಮುಟ್ಟುವುದಿಲ್ಲ ಎಂದು ಗೌರವದಿಂದ ಹೇಳಬಹುದಿತ್ತು. ಅವಳು ಹೇಳುವುದು 'ಕಿವುಡು' ಅಂತ.

ಈ ಅಪಕೀರ್ತಿ ಇಷ್ಟು ದಿನ ಅಡುಗೆಮನೆಯ ಗಡಿ ದಾಟಿರಲಿಲ್ಲ. ಆದರೆ ಮಗಳ ಹೆರಿಗೆ ರಜೆ ಮುಗಿಯುತ್ತ ಬಂದು, ಸೋಮವಾರದಿಂದ ಅವಳು ಕೆಲಸಕ್ಕೆ ಹೋಗಬೇಕಾದಾಗ, ಮೊಮ್ಮಗಳನ್ನು ಎಲ್ಲಿ ಬಿಡುವುದೆಂಬ ಪ್ರಶ್ನೆ ಎದ್ದಿತು. ಮೊಮ್ಮಗಳಿಗೆ ಕೆನ್ನೆಯ ಗಾತ್ರ ನೋಡಿ ನಾವಿಟ್ಟ ಹೆಸರು ಗುಂಡಮ್ಮ. ಅವಳನ್ನು ನಮ್ಮ ಮನೆಯಲ್ಲಿ ಬಿಡಬಹುದು, ಇಲ್ಲವೇ ದೊಡ್ಡ ರಸ್ತೆಯ ಶಿಶುಪಾಲನಾ ಕೇಂದ್ರದಲ್ಲಿ ಬಿಡಬಹುದು. ಅಲ್ಲಿ ಗೋಡೆಯ ತುಂಬ ಆನೆ, ಜಿರಾಫೆಗಳ ಚಿತ್ರ ಬರೆದಿದ್ದಾರಂತೆ.

"ಗೋಡೆ ಮೇಲಿನ ಆನೆ ಬಂದು ಮಗೂನ ಎತ್ಕೊಳ್ಳುತ್ತಾ?" ಎಂದಳು ಹೆಂಡತಿ. ಗುಂಡಮ್ಮ ಹುಟ್ಟಿದಂದಿನಿಂದ ಅವಳು ಆ ಸೋಮವಾರಕ್ಕಾಗಿಯೇ ಕಾದಿದ್ದಳು.

ನನ್ನ ಮಗಳು ಕಾರ್ಖಾನೆಗಳ ಸುರಕ್ಷತೆಯನ್ನು ಪರಿಶೀಲಿಸುವವಳು. ಹೇಳದೆ ಕೇಳದೆ ಹೋಗಿ ನಿಂತು, ಬೆಂಕಿ ಆರಿಸುವ ಸಿಲಿಂಡರಿನ ಮೇಲೆ ಬೆರಳಾಡಿಸಿ ಧೂಳು ತೋರಿಸುವುದೇ ಅವಳ ಉದ್ಯೋಗ. ಅವಳು ನಮ್ಮ ಮನೆಯನ್ನೂ ಅದೇ ಕಣ್ಣಿನಿಂದ ನೋಡಿದಳು.

"ಅಪ್ಪಾ, ಗುಂಡಮ್ಮ ಮಲಗೋದು ಮೇಲಿನ ಕೋಣೇಲಿ. ಅಮ್ಮ ಇರೋದು ಹಿಂದ್ಗಡೆ ಅಡುಗೆಮನೇಲಿ, ಅಲ್ಲಿ ಹೊಗೆ ಎಳೆಯೋ ಫ್ಯಾನಿನ ಸದ್ದು. ಮಧ್ಯೆ ಇರೋದು ನಿನ್ನ ಕಿವಿ..." ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿದಳು. ವರದಿಯಲ್ಲಿ ಇಂಥ ಕಡೆ ಕೆಂಪು ಗೆರೆ ಎಳೆಯುತ್ತಾಳೆಂದು ಕಾಣುತ್ತದೆ. "ಒಂದು ಒಳ್ಳೇ ಬೇಬಿ ಮಾನಿಟರ್ ತಗೊಳ್ಳಿ. ನಂಬೋ ಹಾಗಿರ್ಬೇಕು. ಅದು ಸರಿಯಾಗಿ ಕೆಲಸ ಮಾಡಿದ್ರೆ ಮಗು ನಿಮ್ಮದು. ಇಲ್ಲಾಂದ್ರೆ ಆನೆದು."

ಮಾರನೆಯ ದಿನವೇ ನಾವಿಬ್ಬರೂ ಅಂಗಡಿಗೆ ಹೋದೆವು. ಒಳಗೆ ಕಾಲಿಟ್ಟವನು ಬೆರಗಾಗಿ ನಿಂತೆ. ನಮ್ಮ ಮಗಳನ್ನು ಬೆಳೆಸುವಾಗ ನಮ್ಮ ಬಳಿ ಇದ್ದ ಏಕೈಕ ಯಂತ್ರ ಗಿಲಕಿ. ಇಲ್ಲಿ ನೋಡಿದರೆ, ಮಗುವನ್ನು ಕತ್ತಲಲ್ಲೂ ತೋರಿಸುವ ಕ್ಯಾಮೆರಾ. ಮಗು ಹೊರಳಿದರೆ ಫೋನಿಗೆ ಸುದ್ದಿ ಕಳಿಸುವ ಹಾಸಿಗೆ. ಪಾದಕ್ಕೆ ತೊಡಿಸಿದರೆ ಎದೆಬಡಿತ ಎಣಿಸುವ ಕಾಲುಚೀಲ!

"ಲೇ, ಕಾಲುಚೀಲ ಎದೆಬಡಿತ ಎಣಿಸುತ್ತಂತೆ ಕಣೇ!"

"ಮೊದಲು ನಿಮ್ಮ ಕಾಲಿಗೆ ಹಾಕ್ಕೊಂಡು ನೋಡ್ರೀ. ಕುರ್ಚೀಲಿ ಕೂತಾಗ ಬರೀತಿದೀರೋ, ನಿದ್ದೆ ಮಾಡ್ತಿದೀರೋ, ನನಗೂ ಗೊತ್ತಾಗ್ಲಿ."

ಅಂಗಡಿಯವನು ನಕ್ಕ. (ನನ್ನ ಮಾತಿಗೆ ಯಾರೂ ಇಷ್ಟು ಬೇಗ ನಗುವುದಿಲ್ಲ.) ಕ್ಯಾಮೆರಾ ಬೇಡವೆಂದಳು ಹೆಂಡತಿ, ಮಗುವನ್ನು ಕಳ್ಳನ ಹಾಗೆ ನೋಡಬಾರದಂತೆ. ಕೊನೆಗೆ ಉಳಿದದ್ದು ಬರೀ ಧ್ವನಿಯದು: ಸಾಬೂನು ಡಬ್ಬಿಯಂಥ ಎರಡು ಬಿಳಿ ಡಬ್ಬಿಗಳು, ಒಂದಕ್ಕೆ ಗುಲಾಬಿ ಚೀಟಿ, ಇನ್ನೊಂದಕ್ಕೆ ನೀಲಿ ಚೀಟಿ. ಗುಲಾಬಿಯದು ಮಗುವಿನ ಪಕ್ಕ ಇದ್ದು ಕೇಳಿಸಿಕೊಳ್ಳುವುದು, ನೀಲಿಯದು ನಮ್ಮ ಪಕ್ಕ ಇದ್ದು ಅದನ್ನು ನಮಗೆ ಕೇಳಿಸುವುದು.

"ನಂಬಬಹುದೇನಪ್ಪಾ?" ಎಂದೆ.

"ಸಾರ್, ಮಗು ನಿಟ್ಟುಸಿರು ಬಿಟ್ರೂ ಕೇಳುತ್ತೆ. ನನ್ನ ತಂಗಿ ಮನೇಲೂ ಇದೇ ಇರೋದು."

ಜಗತ್ತಿನ ಸಕಲ ಅಂಗಡಿಗಳ ಸಕಲ ವಸ್ತುಗಳೂ ಅಂಗಡಿಯವರ ತಂಗಿಯರ ಮನೆಯಲ್ಲಿ ಇರುತ್ತವೆ. ಆ ತಂಗಿಯರಿಗೆ ಓಡಾಡಲು ಜಾಗವೆಲ್ಲಿ ಎಂದು ಮರುಗುತ್ತಲೇ ಅದನ್ನು ಕೊಂಡು ತಂದೆ.

ಈಗ ನನ್ನ ಹೆಂಡತಿಯ ಒಂದು ಅಭ್ಯಾಸ ಹೇಳಬೇಕು. ಮನೆಗೆ ಹೊಸದಾಗಿ ಏನೇ ಬರಲಿ, ತಟ್ಟೆಯಾಗಲಿ ಬಕೆಟ್ಟಾಗಲಿ, ಅದಕ್ಕಂಟಿಸಿದ ಚೀಟಿಯನ್ನು ಉಗುರಿನಿಂದ ಎಬ್ಬಿಸಿ, ಎಣ್ಣೆ ಸವರಿ, ಅಂಟು ಬಿಡಿಸಿ, ಒರೆಸಿಟ್ಟ ಮೇಲೆಯೇ ಅವಳಿಗೆ ಅನ್ನ ಸೇರುವುದು. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಎರಡು ಡಬ್ಬಿಗಳೂ ಚೀಟಿ ಕಳೆದುಕೊಂಡು ಥಳಥಳ ಹೊಳೆಯುತ್ತ ಕೂತಿದ್ದವು.

"ಅಯ್ಯೋ, ಮಗೂದು ಯಾವುದು, ನಮ್ಮದು ಯಾವುದು?"

"ನನಗೇನು ಗೊತ್ತು? ಅಂಗಡೀಲಿ ತಲೆ ಆಡಿಸ್ತಾ ನಿಂತಿದ್ದು ನೀವು. ಕಾಗದ ಬಾಯಿಗೆ ಹಾಕ್ಕೊಳ್ಳುತ್ತೆ ಮಗು, ಅದಕ್ಕೇ ಕಿತ್ತೆ."

ಅಂಗಡಿಗೆ ಫೋನು ಮಾಡಬಹುದಿತ್ತು. ಆದರೆ ಬುದ್ಧಿ ಎಂಬುದನ್ನು ದೇವರು ಏಕೆ ಕೊಟ್ಟಿದ್ದಾನೆ? ಡಬ್ಬಿಗಳನ್ನು ತಿರುಗಿಸಿ ನೋಡಿದೆ. ಒಂದಕ್ಕೆ ಜರಡಿಯ ಹಾಗೆ ಮೈತುಂಬ ತೂತು. ಇನ್ನೊಂದಕ್ಕೆ ಸೂಜಿಮೊನೆಯಷ್ಟು ಒಂದೇ ತೂತು. ಕೇಳಿಸಿಕೊಳ್ಳಲು ಬೇಕಾದದ್ದು ತೂತು. ಕಿವಿಯೇ ಅದಕ್ಕೆ ದೃಷ್ಟಾಂತ. ಹೆಚ್ಚು ತೂತಿದ್ದರೆ ಹೆಚ್ಚು ಕೇಳಿಸುತ್ತದೆ. ಆದ್ದರಿಂದ ಜರಡಿ ಡಬ್ಬಿ ಮಗುವಿನದು! ಈ ತರ್ಕಸರಣಿಗೆ ನಾನೇ ಮನಸ್ಸಿನಲ್ಲಿ ತಲೆದೂಗಿ, ಅದನ್ನು ಮೇಲಿನ ಕೋಣೆಯ ತೊಟ್ಟಿಲ ಪಕ್ಕ ಇಟ್ಟು "ಹಲೋ" ಎಂದೆ.

"ಕೇಳಿಸ್ತೂರೀ!" ಎಂದು ಹೆಂಡತಿಯ ಧ್ವನಿ ಡಬ್ಬಿಯಿಂದಲೇ ಬಂತು. ಮೈ ಜುಮ್ಮೆಂದಿತು. ಅಡುಗೆಮನೆಯಲ್ಲಿರುವವಳು ಪಕ್ಕದಲ್ಲೇ ನಿಂತು ಗದರಿದಷ್ಟು ಸ್ಪಷ್ಟ! ಮಗುವಿನ ಡಬ್ಬಿ ಹೀಗೆ ಮಾತಾಡಬೇಕೇ ಎಂಬ ಅನುಮಾನ ನನಗೆ ಬರಲಿಲ್ಲ. ವಿಜ್ಞಾನದ ಔದಾರ್ಯ ಅಂದುಕೊಂಡೆ. (ನನ್ನ ಹಲೋ ಪಕ್ಕದ ಬೀದಿಗೂ ಕೇಳುವಂಥದ್ದು, ಅದಕ್ಕೆ ಯಂತ್ರವೇ ಬೇಕಿಲ್ಲ ಎಂಬುದೂ ಆಗ ಹೊಳೆಯಲಿಲ್ಲ.)

ಪರೀಕ್ಷೆಯ ದಿನ ಬಂತು. ಮಧ್ಯಾಹ್ನ ಊಟವಾದ ಮೇಲೆ ಮಗಳು ಗುಂಡಮ್ಮನಿಗೆ ಹಾಲು ಕುಡಿಸಿ, ತೊಟ್ಟಿಲಲ್ಲಿ ಮಲಗಿಸಿ, "ಗೆಳತಿ ಮನೆಗೆ ಹೋಗಿ ಬರ್ತೀನಿ. ಇನ್ನು ನೀವುಂಟು, ನಿಮ್ಮ ಡಬ್ಬಿಯುಂಟು" ಎಂದು ಹೊರಟಳು. ಗುಂಡಮ್ಮ ಹಗಲು ನಿದ್ದೆಯ ಬದ್ಧವೈರಿ. ಕಣ್ಣು ಮುಚ್ಚುವುದೇ ಅಪರೂಪ. ಮುಚ್ಚಿದರೂ ಒಂದು ಆಕಳಿಕೆಯಷ್ಟು ಹೊತ್ತು, ಆಮೇಲೆ ಸೂರು ಹಾರುವಂತೆ ಅಳು.

ಅಡುಗೆಮನೆಯಲ್ಲಿ ನಾವಿಬ್ಬರೂ ಡಬ್ಬಿಯ ಮುಂದೆ ಕೂತೆವು. ಹಸಿರು ದೀಪ ಉರಿಯುತ್ತಿತ್ತು. ಸದ್ದಿಲ್ಲ.

"ಅಳ್ತಿಲ್ಲ ಅಲ್ವಾ?" ಎಂದಳು, ಹುರುಳಿಕಾಯಿಯ ನಾರು ಬಿಡಿಸುತ್ತ.

"ಅತ್ತರೆ ಡಬ್ಬಿ ಸುಮ್ಮನಿರುತ್ತಾ? ನಿಟ್ಟುಸಿರೂ ಕೇಳುತ್ತೆ ಅಂದಿಲ್ವಾ?"

"ನಮ್ಮ ಮಗಳಿಗೆ ಮಾತ್ರ ಯಾರ ಮೇಲೂ ನಂಬಿಕೆ ಇಲ್ಲ. ಥೇಟ್ ನಿಮ್ಮಮ್ಮ."

"ನಮ್ಮಮ್ಮ ಯಾಕೆ ಬಂದ್ರು ಇಲ್ಲಿಗೆ? ಅನುಮಾನ ಪಡೋದು ನಿನ್ನ ಕಡೆಯ ಸೊತ್ತು. ಪಾಪ, ನಮ್ಮ ಅಳಿಯ ಸಕ್ಕರೆ ಡಬ್ಬಿ ಮುಚ್ಚಿದ ಮೇಲೂ ಇನ್ನೊಂದು ಸಲ ಒತ್ತಿ ನೋಡ್ತಾನೆ, ಎಲ್ಲಿ ತಪಾಸಣೆ ಆಗುತ್ತೋ ಅಂತ."

ನಕ್ಕೆವು. ಡಬ್ಬಿ ಮೌನವಾಗಿತ್ತು. ಆ ಮೌನ ನನಗೆ ಪವಾಡದಂತೆ ಕಂಡಿತು. ಹುಮ್ಮಸ್ಸಿನಲ್ಲಿ, ಬೆಳಿಗ್ಗೆ ಬರೆದು ಮುಗಿಸಿದ್ದ ನನ್ನ ಹೊಸ ಹಾಸ್ಯ ಲೇಖನವನ್ನು ತಂದು ಗಟ್ಟಿಯಾಗಿ ಓದತೊಡಗಿದೆ. ನನ್ನ ಹಸ್ತಪ್ರತಿಗಳ ಪ್ರಥಮ ಶ್ರೋತೃ ಯಾವಾಗಲೂ ಅವಳೇ. ನಗುವ ಕಡೆ ತಪ್ಪದೆ ನಗುತ್ತಾಳೆ. ಆ ನಗು ಕೇಳಿದ ಮೇಲೆಯೇ ನಾನು ಲೇಖನವನ್ನು ಸಂಪಾದಕರಿಗೆ ಕಳಿಸುವುದು. ಅಂದು ಮಾತ್ರ ಅವಳ ಕಣ್ಣು ಡಬ್ಬಿಯ ಮೇಲೇ ಇತ್ತು.

ಓದಿ ಮುಗಿಸಿದೆ. ಆಗಲೂ ಸದ್ದಿಲ್ಲ.

ಅವಳ ಕೈ ನಿಂತಿತು. "ರೀ, ಇಷ್ಟು ಹೊತ್ತು ಅವಳು ಯಾವತ್ತೂ ಮಲಗಿಲ್ಲ. ನನಗ್ಯಾಕೋ ಎದೆ ಹೊಡ್ಕೋತಿದೆ. ಮೇಲೆ ಹೋಗಿ ನೋಡಿ."

ಅವಳ ಮುಖ ನೋಡಿ ನನ್ನ ಎದೆಯೂ ಹೊಡೆದುಕೊಂಡಿತು. ಕಾಲುಚೀಲ ಹಾಕಿದ್ದರೆ ಅದು ಹರಿದೇ ಹೋಗುತ್ತಿತ್ತು. ಮೆಟ್ಟಿಲುಗಳನ್ನು ಹೇಗೆ ಹತ್ತಿದೆನೋ ತಿಳಿಯದು. ಬಾಗಿಲು ತಳ್ಳಿದೆ.

ತೊಟ್ಟಿಲಲ್ಲಿ ಗುಂಡಮ್ಮ ಎರಡು ಮುಷ್ಟಿಗಳನ್ನೂ ತಲೆಯ ಪಕ್ಕಕ್ಕೆ ಎಸೆದು, ಜಗತ್ತನ್ನು ಗೆದ್ದವಳ ಹಾಗೆ ಮಲಗಿದ್ದಳು. ಹೊಟ್ಟೆ ಮೆಲ್ಲಗೆ ಏರುತ್ತಿತ್ತು, ಇಳಿಯುತ್ತಿತ್ತು. ತೊಟ್ಟಿಲ ಕಾಲಿಗೆ ತಲೆಯಾನಿಸಿ ನೆಲದ ಮೇಲೆ ನನ್ನ ಮಗಳು! ಹೊರಗಿನ ಮೆಟ್ಟಿಲಿನಿಂದ ಸದ್ದಿಲ್ಲದೆ ತಪಾಸಣೆಗೆ ಬಂದ ಅಧಿಕಾರಿಣಿ ಬಾಯಿ ಅರೆತೆರೆದು ಗಾಢ ನಿದ್ದೆಯಲ್ಲಿದ್ದಳು. ಮಗು ಹುಟ್ಟಿದಂದಿನಿಂದ ಅವಳು ಹೀಗೆ ಮಲಗಿದ್ದನ್ನು ನಾನು ಕಂಡಿರಲಿಲ್ಲ. ಎರಡೂ ಬಾಯಿಗಳು ಒಂದೇ ಅಚ್ಚಿನವು. ಉಸಿರು ಬಿಗಿಹಿಡಿದು ನೋಡುತ್ತ ನಿಂತೆ. ಅಂಗಡಿಯ ಯಾವ ಯಂತ್ರವೂ ಇದನ್ನು ತೋರಿಸುವುದಿಲ್ಲ.

ಮಗಳು ಕಣ್ಣು ಬಿಟ್ಟಳು. ಡಬ್ಬಿಯತ್ತ ಬೆರಳು ತೋರಿಸಿ ಪಿಸುಗುಟ್ಟಿದಳು: "ಉಲ್ಟಾ ಇಟ್ಟಿದೀಯ ಅಪ್ಪಾ. ಅಜ್ಜಿ ಕಥೆ, ಸಕ್ಕರೆ ಡಬ್ಬಿ ಕಥೆ, ಎಲ್ಲಾ ಕೇಳಿದೆ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. "ಹಾಗಾದ್ರೆ... ಆನೆ?"

"ಆನೆ ಬೇಡ. ಯಾವ ಆನೆಗೂ ಇವಳನ್ನ ಹೀಗೆ ಮಲಗಿಸೋಕಾಗಲ್ಲ. ಸೋಮವಾರದಿಂದ ಇಲ್ಲೇ ಬಿಡ್ತೀನಿ. ಈ ಡಬ್ಬಿ ಹೀಗೇ ಉಲ್ಟಾ ಇರ್ಲಿ, ಸರಿಯಾಗಿಡೋಕೆ ಇನ್ನೊಂದು ಜೊತೆ ನಾನೇ ತರ್ತೀನಿ. ದಿನಾ ಮಧ್ಯಾಹ್ನ ನೀನು ಕೆಳಗೆ ಕೂತು ಓದ್ಬೇಕು."

"ಹೊಸಹೊಸದು ಬರೀತೀನಮ್ಮ!"

"ಬೇಡ ಬೇಡ, ಇದನ್ನೇ ಓದು. ಇದು ಪರೀಕ್ಷೆ ಆಗಿರೋ ಮಾಲು."

ಬರಹಗಾರನ ಕುತೂಹಲ ಸಾಯುವುದಿಲ್ಲ. "ನಿನಗೆ ಎಲ್ಲಿ ನಿದ್ದೆ ಬಂತು?"

"ಎರಡನೇ ಪ್ಯಾರಾದಲ್ಲಿ." ತೊಟ್ಟಿಲು ನೋಡಿದಳು. "ಇವಳು ಶೀರ್ಷಿಕೆಯಲ್ಲೇ ಮಲಗಿದ್ಲು."

ನಾನು ಉತ್ತರಿಸುವ ಮೊದಲೇ ಡಬ್ಬಿ ಗೊರಗೊರ ಎಂದಿತು. ಕೆಳಗೆ ಯಾರೂ ಕೇಳುತ್ತಿಲ್ಲವೆಂದುಕೊಂಡು, ನನ್ನ ಹೆಂಡತಿ ತನ್ನಷ್ಟಕ್ಕೆ ಗೊಣಗಿಕೊಳ್ಳುತ್ತಿದ್ದಳು:

"ಅಳು ಕೇಳಿಸ್ತಿಲ್ಲ, ಇವರೂ ಕೂಗ್ಲಿಲ್ಲ, ಮಗು ಚೆನ್ನಾಗೇ ಇರ್ಬೇಕು... ಅಯ್ಯೋ, ಗಾಬರೀಲಿ ಇವತ್ತು ನಗೋದೇ ಮರೆತೆನಲ್ಲ! ಪಾಪ, ಅಷ್ಟು ಆಸೆಯಿಂದ ಓದಿದ್ರು. ಇಳಿದು ಬಂದ ತಕ್ಷಣ ಒಂದ್ಸಲ ಜೋರಾಗಿ ನಕ್ಕುಬಿಡೋಣ."

ಮಗಳು ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಾನು ಡಬ್ಬಿಯನ್ನೇ ನೋಡಿದೆ. ನಂಬಿಕಸ್ಥ ಯಂತ್ರ ಬೇಕೆಂದು ಹೊರಟಿದ್ದು ನಾನೇ, ನಿಜ. ಆದರೆ ಇಷ್ಟೊಂದು ನಂಬಿಕಸ್ಥವಾಗಿರಬೇಕಿರಲಿಲ್ಲ.

ಒಂದೊಂದೇ ಮೆಟ್ಟಿಲು ಇಳಿದು ಅಡುಗೆಮನೆಗೆ ಬಂದೆ. "ಮಲಗಿದೆ. ಮಗು ಇನ್ನು ನಮ್ಮದೇ" ಎಂದೆ.

ಅವಳು ಕಣ್ಣೊರೆಸಿಕೊಂಡಳು. ಆಮೇಲೆ ಏನೋ ನೆನಪಾದವಳಂತೆ ತಲೆಯೆತ್ತಿ, ಗಟ್ಟಿಯಾಗಿ, ಎಂದಿನಂತೆ ಬಹಳ ಚೆನ್ನಾಗಿ ನಕ್ಕಳು.