ಡ್ರಮ್ಮಿನ ಜ್ವರ

ಅಂಗಡಿಯ ಗೊಬ್ಬರ ಎಂದರೆ ಇನ್ಸ್‌ಪೆಕ್ಟರಿಗೆ ಮೂಗಿನ ತುದಿಯಲ್ಲೇ ಕೋಪ. (ಇನ್ಸ್‌ಪೆಕ್ಟರ್ ಎಂದೊಡನೆ ಲಾಠಿ ನೆನಪಿಸಿಕೊಳ್ಳಬೇಡಿ. ಇವರದು ತೂಕ ಮತ್ತು ಅಳತೆಯ ಇಲಾಖೆ. ಇವರನ್ನು ಕಂಡು ನಡುಗುವುದು ತಕ್ಕಡಿಗಳು ಮಾತ್ರ.) ಆ ಅಂಗಡಿ ಇಟ್ಟವನು ಸ್ವಂತ ಭಾವಮೈದುನನೇ ಆದ್ದರಿಂದ ಕೋಪಕ್ಕೂ ಸಾಕಷ್ಟು ಗೊಬ್ಬರ ಬಿದ್ದಿತ್ತು.

"ಮೂಟೆ ಕಟ್ಟಿ ಮಣ್ಣು ಮಾರೋದು ವ್ಯಾಪಾರ ಅಲ್ಲ, ಹಗಲು ದರೋಡೆ" ಎಂದು ಸಾರಿ, ಅವರು ಮನೆಯಲ್ಲೇ ಗೊಬ್ಬರ ಮಾಡಲು ಹಿತ್ತಿಲಲ್ಲಿ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಪ್ರತಿಷ್ಠಾಪಿಸಿದರು. ಅಂದಿನಿಂದ ಅಡುಗೆಮನೆಯ ರಾಜ್ಯಭಾರ ಡ್ರಮ್ಮಿನ ಹೆಸರಿನಲ್ಲಿ ನಡೆಯತೊಡಗಿತು. ನಿಂಬೆಸಿಪ್ಪೆ ಅದಕ್ಕೆ ಹುಳಿ, ಈರುಳ್ಳಿಸಿಪ್ಪೆ ಘಾಟು, ಉಳಿದ ಅನ್ನ ಅಜೀರ್ಣ.

"ಸೌತೆಕಾಯಿ ಸಿಪ್ಪೆ ಸ್ವಲ್ಪ ದಪ್ಪಗೆ ಹೆರಿಯೇ."

"ಇನ್ನೂ ದಪ್ಪಗೆ ಹೆರೆದ್ರೆ ಡ್ರಮ್ಮಿಗೆ ಸೌತೆಕಾಯಿ, ನಮಗೆ ಬೀಜ" ಎಂದಳು ಹೆಂಡತಿ. "ಇಷ್ಟು ವರ್ಷದಲ್ಲಿ ನಾನು ಊಟ ಮಾಡಿದ್ನಾ ಅಂತ ಒಂದು ದಿನ ಕೇಳಿದವರಲ್ಲ."

ಗಂಡಾಂತರ ಬಂದದ್ದು ಅತ್ತೆಯ ಗುಲಾಬಿಯಿಂದ. ಮಗಳ ಮನೆಗೆ ಬಂದು ನೆಲೆಸಿದಾಗ ಅತ್ತೆ ಪೆಟ್ಟಿಗೆಗಿಂತ ಜೋಪಾನವಾಗಿ ಹೊತ್ತು ತಂದಿದ್ದ ಗಿಡವದು. ಬೇಸಿಗೆಗೆ ಅದು ತಲೆಬಾಗಿಸಿದ್ದೇ ತಡ, ಅವರು ಮಗನ ಅಂಗಡಿಯಿಂದ ಮೂಟೆ ತರಿಸಲು ಹೊರಟರು. ಇನ್ಸ್‌ಪೆಕ್ಟರ್ ಅಡ್ಡ ನಿಂತರು.

"ನಮ್ಮ ಗೊಬ್ಬರ ಹಾಕ್ತೀನಿ, ಅತ್ತೆ. ಬೇಸಿಗೆ ಮುಗಿಯೋದ್ರೊಳಗೆ ಮೊಗ್ಗು ಬಿಡದಿದ್ರೆ ಡ್ರಮ್ಮನ್ನ ಗುಜರಿಗೆ ಹಾಕಿ."

"ಡ್ರಮ್ಮನ್ನ ಗುಜರಿಯವನು ತಗೋತಾನೆ, ಅಳಿಯಂದಿರೇ. ನನ್ನ ಗಿಡ ವಾಪಸ್ಸು ಯಾರು ಕೊಡ್ತಾರೆ?"

ಹಸಿ ಗೊಬ್ಬರ ಬೇರು ಸುಡುತ್ತದೆ, ಒಳಗಿನ ಬಿಸಿ ಇಳಿದರೆ ಅದು ಹಣ್ಣಾಯಿತೆಂದು ಅರ್ಥ, ಎಂದು ಇನ್ಸ್‌ಪೆಕ್ಟರ್ ಎಲ್ಲೋ ಓದಿದ್ದರು. ಬೇರೆಯವರಾದರೆ ಕೈ ಹಾಕಿ ನೋಡುತ್ತಿದ್ದರು. ಅಳತೆಯ ಇಲಾಖೆಯವರು ಕೈಯನ್ನು ನಂಬುವುದುಂಟೇ? ಮನೆಯವರೆಲ್ಲ ಮಧ್ಯಾಹ್ನ ಮಲಗಿದ್ದಾಗ ಔಷಧಿ ಡಬ್ಬಿಯಿಂದ ಥರ್ಮಾಮೀಟರನ್ನು ಎಗರಿಸಿ, ಡ್ರಮ್ಮಿನ ಹೊಟ್ಟೆಗೆ ಚುಚ್ಚಿದರು. ಹೋದ ತಿಂಗಳು ಅತ್ತೆಗೆ ಜ್ವರ ಬಂದಾಗ "ಕಂಕುಳನ್ನ ನಂಬಬಾರದು, ಬಾಯಲ್ಲೇ ಇಡಬೇಕು" ಎಂದು ತೀರ್ಪು ಕೊಟ್ಟಿದ್ದವರೂ ಇವರೇ, ಆ ಥರ್ಮಾಮೀಟರೂ ಇದೇ.

ಮೊದಲ ಸಲ ನೂರಾ ಏಳು. ಮನುಷ್ಯರಾಗಿದ್ದರೆ ಬಂಧುಬಳಗಕ್ಕೆ ಹೇಳಿಕಳಿಸಬೇಕಾದ ಜ್ವರ. ಇನ್ಸ್‌ಪೆಕ್ಟರ್ ಅದನ್ನು ಬನಿಯನ್ನಿಗೆ ಒರೆಸಿ ಡಬ್ಬಿಯಲ್ಲಿಟ್ಟರು. ಮರುದಿನವೂ ಚುಚ್ಚಿದರು, ಒರೆಸಿದರು, ಇಟ್ಟರು. ಬಿಸಿಲು ಏರಿದಂತೆ ಡ್ರಮ್ಮಿನೊಳಗಿನ ತೇವ ಆರಿ, ಬಿಸಿಯೂ ಇಳಿಯುತ್ತ ಬಂತು. ಕೊನೆಗೊಮ್ಮೆ ತೊಂಬತ್ತೆಂಟು ಪಾಯಿಂಟ್ ನಾಲ್ಕು. ಥರ್ಮಾಮೀಟರನ್ನು ಡಬ್ಬಿಗೆ ಸೇರಿಸಿ ಬಂದು ಹೆಂಡತಿಯನ್ನು ಕರೆದರು.

"ನಾರ್ಮಲ್" ಎಂದು ಡಾಕ್ಟರರ ಗತ್ತಿನಲ್ಲಿ ಘೋಷಿಸಿದರು.

ಹೆಂಡತಿ ಬಗ್ಗಿ ನೋಡಿದಳು. "ಸಿಪ್ಪೆ ಇನ್ನೂ ಸಿಪ್ಪೆಯಾಗೇ ಇದೆಯಲ್ಲ, ರೀ. ಹಣ್ಣಾಗಿಲ್ಲ ಇದು, ಒಣಗಿದೆ."

"ಕಣ್ಣು ಮೋಸ ಮಾಡುತ್ತೆ. ಅಳತೆ ಮೋಸ ಮಾಡಲ್ಲ."

ಗುಲಾಬಿಯ ಬುಡಕ್ಕೆ ಮೊಣಕಾಲೆತ್ತರ ಗೊಬ್ಬರ ಸುರಿದು ಕೊಡಗಟ್ಟಲೆ ನೀರು ಹೊಯ್ದರು. ನೀರು ಕಂಡದ್ದೇ ಅದಕ್ಕೆ ಹಳೆಯ ಜ್ವರ ಮರುಕಳಿಸಿತು. ಎರಡೇ ದಿನಕ್ಕೆ ಎಲೆಗಳೆಲ್ಲ ಸುಟ್ಟ ಹಪ್ಪಳ. ಅತ್ತೆ ನಿದ್ದೆಯಿಂದ ಏಳುವುದರೊಳಗೆ ಸಾಕ್ಷ್ಯನಾಶ ಮಾಡಿಬಿಡಬೇಕೆಂದು ಇನ್ಸ್‌ಪೆಕ್ಟರ್ ನಡುಮಧ್ಯಾಹ್ನದ ಬಿಸಿಲಲ್ಲಿ, ಬೋಳುತಲೆಗೊಂದು ಬಟ್ಟೆಯೂ ಇಲ್ಲದೆ, ಗೊಬ್ಬರ ಬಗೆಯತೊಡಗಿದರು. ಅರ್ಧ ಬಗೆದದ್ದು ನೆನಪಿದೆ. ಆಮೇಲೆ ಕಣ್ಣು ಬಿಟ್ಟದ್ದು ಹಾಸಿಗೆಯ ಮೇಲೆ.

ಎದುರಿಗೆ ಹೆಂಡತಿ. ಅವಳ ಕೈಯಲ್ಲಿ ಥರ್ಮಾಮೀಟರ್.

"ಬಾಯಿ ತೆಗೀರಿ."

"ಕಂ... ಕಂಕುಳಲ್ಲಿ ಇಡೇ."

"ಕಂಕುಳನ್ನ ನಂಬಬಾರದು ಅಂದೋರು ಯಾರು?"

"ತೊಳೆದಿದ್ದೀಯಾ?"

"ಯಾಕೆ? ಡಬ್ಬಿಯಲ್ಲಿ ಇರೋದಕ್ಕೆ ಏನು ಕೊಳೆ ಇರುತ್ತೆ?"

ಹೇಳಿದರೆ ಮಾನ ಹೋಗುತ್ತದೆ, ಹೇಳದಿದ್ದರೆ ಬಾಯಿ. ಮೂವತ್ತು ವರ್ಷ ತಕ್ಕಡಿ ತೂಗಿದವರು ಇದನ್ನೂ ತೂಗಿ ನೋಡಿದರು. ಮಾನವೇ ಭಾರವಾಗಿತ್ತು. ಕಣ್ಣು ಮುಚ್ಚಿ ಬಾಯಿ ತೆರೆದರು.

"ತುಟಿ ಬಿಗಿಯಾಗಿ ಮುಚ್ಚಿ. ಹಾಂ, ಹಾಗೆ. ಸೌತೆಕಾಯಿ ರುಚಿ ಬರ್ತಿದೆಯಾ?"

ಇನ್ಸ್‌ಪೆಕ್ಟರ್ ಕಣ್ಣು ಬಿಟ್ಟರು, ಬಾಯಿ ಬಿಡುವಂತಿರಲಿಲ್ಲ. "ಹೆದರಬೇಡಿ, ಹೊಸದು" ಎಂದಳು ಅವಳು. "ನಿಮ್ಮದನ್ನ ನೀವು ಮೊದಲ ದಿನ ಬನಿಯನ್ನಿಗೆ ಒರೆಸಿದಾಗಲೇ ಎಸೀಬೇಕಿತ್ತು. ಎಷ್ಟು ದಿನ ನಡೆಯುತ್ತೆ ನೋಡೋಣ ಅಂತ ಬಿಟ್ಟಿದ್ದೆ."

ಬಾಗಿಲಲ್ಲಿ ಅತ್ತೆ ನಿಂತಿದ್ದರು, ಕೈಯೆಲ್ಲ ಮಣ್ಣು. "ಗಿಡದ ಬುಡ ಬಿಡಿಸಿ, ತಂಪು ಮಾಡಿದ್ದೀನಿ. ಒಂದು ರೆಂಬೆಯಲ್ಲಿ ಇನ್ನೂ ಹಸಿರಿದೆ, ಅದು ಬದುಕುತ್ತೆ. ಅಳಿಯಂದಿರದು ಎಷ್ಟಿದೆ?"

"ನೂರಾ ಎರಡು, ಅಮ್ಮ."

"ಹಾಗಾದ್ರೆ ಇನ್ನೂ ಹಣ್ಣಾಗಿಲ್ಲ" ಎಂದರು ಅತ್ತೆ. "ಮುಚ್ಚಳ ಹಾಕಿ ನೆರಳಲ್ಲಿಡು."