ಹತ್ತೊಂಬತ್ತನೇ ಸಿಗ್ನಲ್ಲೂ ಗುರುಸಿದ್ದಪ್ಪನ ತೊಗರಿಯೂ

ಕಂಪ್ಯೂಟರ್ ವಿಷಯದಲ್ಲಿ ನಾನು ಯಾರ ಹಂಗಿನಲ್ಲೂ ಇಲ್ಲ ಎಂದು ನನಗೆ ಬಲವಾದ ನಂಬಿಕೆಯಿತ್ತು. ಮುದ್ದೇಬಿಹಾಳದ ಕಾಲೇಜೊಂದರಲ್ಲಿ ಸಿ ಭಾಷೆ ಕಲಿಸಲು ಶುರುಮಾಡಿ ಹದಿನಾರು ವರ್ಷವಾಯಿತು. ಇಷ್ಟು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ನನಗೆ ಪ್ರಶ್ನೆ ಕೇಳಿಲ್ಲ. ಅದಕ್ಕೆ ನನ್ನ ಪಾಂಡಿತ್ಯವೇ ಕಾರಣ ಎಂದು ತಿಳಿದಿದ್ದೆ!

ಹೀಗಾಗಿ, ಲಚ್ಯಾಣದ ಹತ್ತಿರವಿರುವ ನಮ್ಮ ಮಾವನವರ ನಿಂಬೆ ತೋಟಕ್ಕೆ ತಾನಾಗಿಯೇ ನೀರು ಬಿಡುವ ಪ್ರೋಗ್ರಾಂ ಬರೆದುಕೊಡುವ ಕೆಲಸವನ್ನು ಯಾರೂ ಕೇಳದಿದ್ದರೂ ಮೈಮೇಲೆ ಎಳೆದುಕೊಂಡೆ. ಮಾವನವರು ನಿವೃತ್ತ ಬಸ್ ಕಂಡಕ್ಟರು. ಬಸವನ ಬಾಗೇವಾಡಿ, ಸಿಂದಗಿ, ಇಂಡಿ ಎಂದು ಆಯುಷ್ಯವೆಲ್ಲ ನಿಂತುಕೊಂಡೇ ಪ್ರಯಾಣ ಮಾಡಿದವರು. ತೋಟದಲ್ಲಿ ಆರು ಸಾಲು ಗಿಡ, ಸಾಲಿಗೊಂದು ವಾಲ್ವು. ಹತ್ತು ಹತ್ತು ನಿಮಿಷಕ್ಕೆ ಒಂದನ್ನು ಮುಚ್ಚಿ ಮುಂದಿನದನ್ನು ತೆರೆಯಬೇಕು, ಅಷ್ಟೇ.

"ಅಳಿಯಂದಿರ, ಒಂದ ಮಾತು ನೆನಪಿಡ್ರಿ," ಎಂದರು ಮಾವನವರು. "ಆರನೇ ಸಾಲಿನ ಬಾಜೂಕ ಗುರುಸಿದ್ದಪ್ಪನ ಕಣ ಐತಿ. ತೊಗರಿ ಒಣಾಕ ಹಾಕ್ಯಾನ. ಬದುವಿನ ಸಲುವಾಗಿ ನಾವಿಬ್ರೂ ಮೂರು ವರ್ಷ ಮಾತ ಬಿಟ್ಟಿದ್ವಿ. ಹೋದ ತಿಂಗಳಷ್ಟ ಕೂಡಿ ಚಹಾ ಕುಡದೇವಿ. ಒಂದ ಹನಿ ನೀರು ಆ ಕಡೆ ಹೋಗಬಾರ್ದು."

"ಮಾವಾರ, ಇದು ಕಂಪ್ಯೂಟರ್ ಐತ್ರಿ! ನಾವು ಹೇಳಿದ್ದಷ್ಟ ಮಾಡ್ತೈತಿ," ಎಂದೆ.

ಆ ಮಾತು ಮಾತ್ರ ನೂರಕ್ಕೆ ನೂರು ನಿಜವಾಯಿತು.

ಇಲ್ಲಿ ಸ್ವಲ್ಪ ತಾಂತ್ರಿಕ ಹಿನ್ನೆಲೆಯನ್ನು ಓದುಗರ ಅವಗಾಹನೆಗೆ ತರಬಯಸುತ್ತೇನೆ. ನಡೆಯುತ್ತಿರುವ ಪ್ರೋಗ್ರಾಮಿಗೆ ಪ್ರೊಸೆಸ್ ಎನ್ನುತ್ತಾರೆ. ಅದಕ್ಕೆ 'ನಿಲ್ಲು', 'ಮುಂದೆ ನಡೆ' ಎಂದು ಹೊರಗಿನಿಂದ ಹೇಳಬೇಕಾದರೆ ಸಿಗ್ನಲ್ ಕಳಿಸಬೇಕು. ಪ್ರತಿ ಸಿಗ್ನಲ್ಲಿಗೂ ಒಂದು ನಂಬರು. ಯಾವ ಹೆಸರಿಗೆ ಯಾವ ನಂಬರು ಎಂಬ ಪಟ್ಟಿ ಯಂತ್ರದ ಸಿ ಲೈಬ್ರರಿಯಲ್ಲೇ, ಎಂದರೆ ಅದರ ಜೊತೆಗೇ ಬರುವ ಸಿದ್ಧ ಕೋಡಿನ ಭಂಡಾರದಲ್ಲೇ, ಇರುತ್ತದೆ. ಒಂದು ಸಾಲು ಬರೆದು ಅದನ್ನು ಕರೆಸಿಕೊಂಡರೆ ಮುಗಿಯಿತು.

ಆದರೆ ಹಾಗೆ ಮಾಡಿದರೆ ನನ್ನ ಹೆಚ್ಚುಗಾರಿಕೆ ಏನು ಉಳಿಯಿತು? ನನ್ನದೇ ಒಂದು ಲೈಬ್ರರಿ ಬರೆಯಲು ನಿಶ್ಚಯಿಸಿದೆ. ನಾನು ಓದುವಾಗಿನ ಝೆರಾಕ್ಸ್ ನೋಟ್ಸನ್ನು ಅಟ್ಟದಿಂದ ಇಳಿಸಿ, ಧೂಳು ಜಾಡಿಸಿ, ಮೂವತ್ತೊಂದು ಸಿಗ್ನಲ್ಲುಗಳನ್ನು ಮೂವತ್ತೊಂದು ಸಾಲಿನಲ್ಲಿ ಪ್ರತಿಷ್ಠಾಪಿಸಿದೆ. ಹದಿನೇಳು ಎಂದರೆ 'ನಿಲ್ಲು'. ಹತ್ತೊಂಬತ್ತು ಎಂದರೆ 'ಮುಂದೆ ನಡೆ'. ಎಲ್ಲಕ್ಕಿಂತ ಮೇಲೆ ದಪ್ಪಕ್ಷರದಲ್ಲಿ ನನ್ನ ಹೆಸರು!

ನನ್ನ ಹೆಂಡತಿ ಸುಮಂಗಲಾ ಪ್ರಾಥಮಿಕ ಶಾಲೆಯ ಶಿಕ್ಷಕಿ. "ನಡಿಸಿ ನೋಡಿದ್ರೇನು?" ಎಂದು ಕೇಳಿದಳು.

"ನೋಡೂದೇನೈತಿ? ಬರದದ್ದನ್ನ ತಪಾಸಣಾ ಮಾಡೂ ಕಂಪೈಲರ್ ಒಂದೂ ತಪ್ಪ ತೋರ್ಸಿಲ್ಲ."

"ನಮ್ಮ ಸಾಲ್ಯಾಗ ಖಾಲಿ ಪಾಟಿ ತಂದ್ ತೋರಿಸೋ ಹುಡುಗ್ರದ್ದೂ ಒಂದೂ ತಪ್ಪ ಇರಂಗಿಲ್ರಿ," ಎಂದು ಒಳಗೆ ಹೋದಳು. ಹೊಟ್ಟೆಕಿಚ್ಚು ಎಂದುಕೊಂಡೆ.

ಉದ್ಘಾಟನೆಯ ದಿನ ಗುರುಸಿದ್ದಪ್ಪನವರನ್ನೂ ಕರೆದಿದ್ದೆವು. ಮೂರನೇ ಸಾಲಿನವರೆಗೆ ನೀರು ಚೆಂದವಾಗಿ ಹರಿಯಿತು. ನಾನು ಎದೆಯುಬ್ಬಿಸಿ ನಿಂತೆ. ಆಗ ವಾಡಿಕೆಯಂತೆ ಕರೆಂಟು ಹೋಯಿತು, ಪಂಪು ನಿಂತಿತು. ಇದಕ್ಕೂ ನನ್ನಲ್ಲಿ ಉತ್ತರವಿತ್ತು! ವಾಲ್ವುಗಳ ಜೊತೆಗೆ ಬ್ಯಾಟರಿಯ ಮೇಲೆ ನಡೆಯುವ ನನ್ನ ಪುಟ್ಟ ಕಂಪ್ಯೂಟರು ಕರೆಂಟು ಹೋದಾಗ ನೀರಿನ ಪ್ರೋಗ್ರಾಮಿಗೆ ಹದಿನೇಳು, ಬಂದಾಗ ಹತ್ತೊಂಬತ್ತು ಕಳಿಸುತ್ತದೆ.

"ಈಗ ಪ್ರೋಗ್ರಾಂ ನಿಂತೈತಿ ನೋಡ್ರಿ," ಎಂದು ಘೋಷಿಸಿದೆ.

ಸ್ವಲ್ಪ ಹೊತ್ತಿಗೆ ನಾಲ್ಕನೇ ವಾಲ್ವು ಟಕ್ ಎಂದಿತು.

"ನಿಂತಂಗ ಕಾಣ್ವಲ್ದಲ್ರಿ," ಎಂದರು ಮಾವನವರು.

"ತಯಾರಿ ನಡಿಸೇತ್ರಿ."

ನೀರಿಲ್ಲದೆ ಐದನೆಯದೂ ಟಕ್ ಎಂದಿತು. ಆರನೆಯದು ತೆರೆಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಪಂಪು ಗರ್ಜಿಸಿತು, ಹತ್ತೊಂಬತ್ತು ಹೋಯಿತು, ಪ್ರೋಗ್ರಾಂ ನಿಂತಿತು. ಎಂಥ ನಿಲುವು! ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು, ಆರನೇ ವಾಲ್ವು ತೆರೆದೇ ಇತ್ತು. ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತು ಹತ್ತೊಂಬತ್ತನ್ನು ಮತ್ತೆ ಮತ್ತೆ ಕಳಿಸಿದೆ. ನಡೆ ಎಂದಷ್ಟೂ ಅದು ಗಟ್ಟಿಯಾಗಿ ನಿಂತಿತು.

"ಯಪ್ಪಾ, ನನ್ನ ತೊಗರಿ!" ಎಂದು ಗುರುಸಿದ್ದಪ್ಪನವರು ಕಣದ ಕಡೆ ಓಡಿದರು. ನೀರು ಅವರಿಗಿಂತ ಮೊದಲು ತಲುಪಿತ್ತು.

ಸುಮಂಗಲಾ ಒಂದೇ ಓಟಕ್ಕೆ ಹೋಗಿ ಪಂಪಿನ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದಳು. ನೀರು ನಿಂತಿತು. ಆ ಗುಂಡಿ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿತ್ತು.

ಮಾವನವರು ಬೈಯಲಿಲ್ಲ. ಪಕ್ಕದಲ್ಲಿ ಕುಳಿತು, "ಅಳಿಯಂದಿರ, ನೀವು ಎಷ್ಟ ಸೀಟಿ ಊದಿದ್ರಿ?" ಎಂದು ಕೇಳಿದರು.

"ಹತ್ತೊಂಬತ್ತರದು. ನಡಿ ಅಂತ."

"ಹತ್ತೊಂಬತ್ತಂದ್ರ ನಡಿ ಅಂತ ಅದಕ್ಕ ಯಾರು ಹೇಳ್ಯಾರ? ನೀವೋ, ಆ ಮಷೀನ್ ಮಾಡ್ದವ್ರೋ?"

ನಾನು ಲ್ಯಾಪ್‌ಟಾಪಿನಲ್ಲಿದ್ದ ನನ್ನ ದಪ್ಪಕ್ಷರದ ಹೆಸರಿನತ್ತ ನೋಡಿದೆ.

"ಒಂದ ಸೀಟಿ ನಿಲ್ಲು, ಎರಡ ಸೀಟಿ ನಡಿ. ನನ್ನ ಸರ್ವೀಸಿನ್ಯಾಗ ಎಷ್ಟೋ ಡ್ರೈವರ್ ಬದಲಾದ್ರು, ಸೀಟಿ ಬದಲಾಗ್ಲಿಲ್ಲ. ನಾನು ಮನಿಯಾಗ ಕುಂತು ನನ್ನ ಸೀಟಿ ನಾನ ಮಾಡ್ಕೊಂಡಿದ್ರ ಬಸ್ಸು ಕೃಷ್ಣಾ ಹೊಳಿಯಾಗ ಇರ್ತಿತ್ತು!"

ಯಂತ್ರದ ಸ್ವಂತ ಪಟ್ಟಿ ತೆರೆದು ನೋಡಿದೆ. ಅದರ ಪ್ರಕಾರ ಹತ್ತೊಂಬತ್ತು ಎಂದರೇ 'ನಿಲ್ಲು'. ನಡೆ ಎನ್ನಲು ಹದಿನೆಂಟು. ಹದಿನೇಳು ಎಂದರೆ 'ನೀನು ಹುಟ್ಟಿಸಿದ ಮರಿ ಪ್ರೊಸೆಸ್ಸಿನ ಸುದ್ದಿ ಬಂದಿದೆ' ಎಂದಷ್ಟೇ; ಮರಿಯೇ ಇಲ್ಲದ ನನ್ನ ಪ್ರೋಗ್ರಾಂ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ. ಯಂತ್ರದ ಕುಲ ಬದಲಾದರೆ ನಂಬರುಗಳೂ ಬದಲಾಗುತ್ತವೆ; ನನ್ನ ನೋಟ್ಸು ಬೇರೆ ಕುಲದ ಯಂತ್ರದ್ದು. ಎಂಥೆಂಥ ಪುಣ್ಯಾತ್ಮರು ಕುಳಿತು, ನಂಬರು ಗೊತ್ತಿಲ್ಲದವನೂ ಹೆಸರು ಹಿಡಿದು ಕರೆಯಲಿ ಎಂದು ಆ ಪಟ್ಟಿಯನ್ನು ಮಾಡಿಟ್ಟಿದ್ದಾರೆ! ಅದರ ಬೆಲೆ ಹದಿನಾರು ವರ್ಷ ಪಾಠ ಹೇಳಿದ ನನಗೆ ತಿಳಿದಿರಲಿಲ್ಲ, ಸಿ ಎಂದರೇನೆಂದು ಗೊತ್ತಿಲ್ಲದ ಮಾವನವರಿಗೆ ತಿಳಿದಿತ್ತು. ನನಗೆ ಅವರ ಕಾಲು ಹಿಡಿಯಬೇಕೆನ್ನಿಸಿತು. ನನ್ನ ಮೂವತ್ತೊಂದು ಸಾಲನ್ನು, ದಪ್ಪಕ್ಷರದ ಹೆಸರಿನ ಸಮೇತ ಅಳಿಸಿ, ಆ ಪಟ್ಟಿಯನ್ನು ಕರೆಸುವ ಒಂದು ಸಾಲು ಬರೆದೆ. ವಾಲ್ವುಗಳು ಸರಿಯಾಗಿ ಆಡತೊಡಗಿದವು.

ಮಾವನವರು ಅಷ್ಟರಲ್ಲಿ ಬದು ದಾಟಿದ್ದರು. "ಗುರುಸಿದ್ದಪ್ಪ, ತಪ್ಪ ನಮ್ದು. ತೊಗರಿ ಒಣಗೂತನಕ ನಮ್ಮ ಅಳಿಯಂದಿರು ನಿನ್ನ ಕಣದಾಗ ಇರ್ತಾರ."

ಗುರುಸಿದ್ದಪ್ಪನವರು ತೊಯ್ದ ತೊಗರಿಯನ್ನು ಮುಷ್ಟಿಯಲ್ಲಿ ಹಿಡಿದು ಹಿಂಡಿದರು. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಕಾಲೇಜ್ ಸರ್ ತೊಗರಿ ತಿರುವೂದು ನೋಡಾಕರ ಸಿಗ್ತೈತಿ. ನಡೀರಿ, ಚಹಾ ಮಾಡಸ್ರಿ!"

ಎರಡು ದಿನ ಬಿಸಿಲಲ್ಲಿ ತೊಗರಿ ತಿರುವಿದೆ. ಇಬ್ಬರು ಹಿರಿಯರೂ ಬದುವಿನ ಮೇಲೆ ಜೊತೆಯಾಗಿ ಕುಳಿತು ಚಹಾ ಹೀರುತ್ತ ಮೇಲ್ವಿಚಾರಣೆ ನಡೆಸಿದರು. ಮಾವನವರ ಕೈಯಲ್ಲಿ ಅವರ ಹಳೆಯ ಸೀಟಿ. ಒಂದು ಸಲ ಊದಿದರು, ನಿಂತೆ. ಎರಡು ಸಲ ಊದಿದರು, ನಡೆದೆ.

"ನೋಡಪಾ ಗುರುಸಿದ್ದಪ್ಪ," ಎಂದರು ಮಾವನವರು, "ಈ ಮಷೀನ್ ಭಾಳ ಚೊಲೋ ಐತಿ."